ಗಂಡ, ತಮ್ಮ ಮತ್ತು ಒಂದು ಸಮ್ಮೇಳನ

ಪೇಟೆಬೀದಿಯಲ್ಲಿ, ಔಷಧಿ ಅಂಗಡಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ತಾಯಿ ಬೇಗ ತೀರಿಹೋದದ್ದರಿಂದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಆ ತಮ್ಮ ಕಾಲೇಜಿಗೆ ಹೋದವನು ಪುಸ್ತಕಗಳ ಜೊತೆ ಒಂದು ರಾಜಕೀಯ ಪಕ್ಷವನ್ನೂ ಹೊತ್ತು ತಂದ. ಆಮೇಲೆ ಪಕ್ಷದ ಗೆಳೆಯನೊಬ್ಬನನ್ನು ಮನೆಗೆ ಕರೆತಂದು, "ಅಕ್ಕಾ, ಇವರಷ್ಟು ಒಳ್ಳೇ ಮನುಷ್ಯ ನಿಂಗೆ ಹುಡುಕಿದ್ರೂ ಸಿಗಲ್ಲ" ಎಂದ. ಗೆಳೆಯ ಮಾತು ನಿಲ್ಲಿಸಲಿ ಎಂದು ಕಾಯುತ್ತ ಕೂತವಳಿಗೆ, ಕಾಯುತ್ತಲೇ ಅವನ ಮೇಲೆ ಮನಸ್ಸಾಯಿತು.

ಮದುವೆಯಾಯಿತು. ಕಾಲಕ್ರಮದಲ್ಲಿ ಗಂಡ ಊರಿನ ಘಟಕಕ್ಕೆ ಅಧ್ಯಕ್ಷನಾದ, ತಮ್ಮ ಕಾರ್ಯದರ್ಶಿಯಾದ. ಪಕ್ಷ ಚಿಕ್ಕದು, ಚುನಾವಣೆಯಲ್ಲಿ ಠೇವಣಿ ಉಳಿದರೆ ಸಿಹಿ ಹಂಚುವಷ್ಟು ಚಿಕ್ಕದು. ಜಗಳದಲ್ಲಿ ಮಾತ್ರ ಅದು ಯಾವ ದೊಡ್ಡ ಪಕ್ಷಕ್ಕೂ ಸೋಲುತ್ತಿರಲಿಲ್ಲ.

ಆ ವರ್ಷ ಪಕ್ಷದ ಸಮ್ಮೇಳನವನ್ನು ಅವರ ಊರಿನಲ್ಲೇ ನಡೆಸುವುದೆಂದು ತೀರ್ಮಾನವಾಯಿತು. ಎಲ್ಲಿ ಎನ್ನುವುದು ಮಾತ್ರ ತೀರ್ಮಾನವಾಗಲಿಲ್ಲ. ಸಭಾಭವನವೇ ಸರಿ ಎಂದ ಅಧ್ಯಕ್ಷ: ತಲೆಯ ಮೇಲೆ ಸೂರಿರುತ್ತದೆ, ಜನ ಕಡಿಮೆ ಬಂದರೂ ತುಂಬಿದಂತೆ ಕಾಣುತ್ತದೆ. ಮೈದಾನವೇ ಆಗಬೇಕು ಎಂದ ಕಾರ್ಯದರ್ಶಿ: ಬೆಳೆಯುವ ಪಕ್ಷ ಬಯಲಿಗೆ ಬರಬೇಕು. ಮಾತಿಗೆ ಮಾತು ಬೆಳೆದು ಅಧ್ಯಕ್ಷ ಮೇಜು ಗುದ್ದಿದ. ಮೇಜಿನ ಮೇಲಿದ್ದ ಟೀ ಕಾರ್ಯದರ್ಶಿಯ ಬಿಳಿ ಅಂಗಿಗೆ ಹಾರಿತು. ಅಲ್ಲಿಗೆ ಭಾವ ಭಾವಮೈದರ ನಡುವೆ ಮಾತು ನಿಂತಿತು. ಗಂಡ ಸಭಾಭವನ ಗೊತ್ತುಮಾಡಿಕೊಂಡ, ತಮ್ಮ ಮೈದಾನದಲ್ಲಿ ಶಾಮಿಯಾನ ಹಾಕಿಸತೊಡಗಿದ. ಸಂದೇಶ ಸಾಗಿಸುವ ಕೆಲಸ ಟೈಲರಕ್ಕನ ತಲೆಗೆ ಬಿತ್ತು.

"ನಿನ್ನ ತಮ್ಮನಿಗೆ ಹೇಳು," ಎನ್ನುತ್ತಿದ್ದ ಗಂಡ ಊಟಕ್ಕೆ ಕೂತು, "ಮೈದಾನದಲ್ಲಿ ಮೇಯೋಕೆ ಬರೋ ದನಗಳನ್ನೇ ಪ್ರತಿನಿಧಿ ಮಾಡ್ಕೊಳ್ಳಲಿ."

ತಮ್ಮ ಅಂಗಡಿಯ ಬಾಗಿಲಿಗೆ ಬಂದು ಒರಗುತ್ತಿದ್ದ. "ಭಾವನಿಗೆ ಹೇಳಕ್ಕಾ, ಆ ಗೂಡಲ್ಲಿ ಪಾರಿವಾಳಗಳ ಸಮ್ಮೇಳನ ಚೆನ್ನಾಗಿ ಆಗುತ್ತೆ."

ಮೊದಮೊದಲು ಅವಳು ಇದ್ದದ್ದನ್ನು ಇದ್ದಹಾಗೇ ಮುಟ್ಟಿಸಿದಳು. ಉರಿಯುವ ಒಲೆಗೆ ಎಣ್ಣೆ ಹೊತ್ತು ತಿರುಗಿದಂತಾಯಿತು. ಒಂದು ದಿನ ತೋಳಿನ ಹೊಲಿಗೆ ಬಿಚ್ಚುತ್ತ ಕೂತಿದ್ದಾಗ ತಮ್ಮ ಬಂದು, "ಏನಂದ್ರು?" ಎಂದ. ಗಂಡ ಅಂದದ್ದನ್ನು ಬಾಯಿಗೆ ತರಲು ಅವಳಿಗೆ ಬೇಸರವಾಯಿತು.

"ನಿನ್ನ ಅಂಗಿ ಹಾಳಾಯ್ತಲ್ಲ ಅಂತ ಬೇಜಾರು ಮಾಡ್ಕೊಂಡಿದ್ರು ಕಣೋ."

"ನಿಜವಾಗ್ಲೂ? ಬಾಯಿಬಿಟ್ಟು ಹೇಳಿದ್ರಾ?"

"ಅವರು ಬಾಯಿ ಬಿಡದೆ ಇರೋದು ಯಾವಾಗ?"

ಮನೆಗೆ ಹೋಗಿ ಗಂಡನಿಗೆ, "ಭಾವ ಹೇಳೋದ್ರಲ್ಲೂ ಅರ್ಥ ಇದೆ ಅಂದ" ಎಂದಳು. ಗಂಡನ ಕೈಯ ತುತ್ತು ಕೈಯಲ್ಲೇ ನಿಂತಿತು. ಆಮೇಲೆ ಅವನು ಅನ್ನ ಇನ್ನಷ್ಟು ಹಾಕಿಸಿಕೊಂಡ. ಮನೆಯಲ್ಲಿ ನೆಮ್ಮದಿ ಕಂಡು ಟೈಲರಕ್ಕನಿಗೂ ಕೆಲಸ ರೂಢಿಯಾಯಿತು. ದಿನಕ್ಕೊಂದು ಒಳ್ಳೆಯ ಮಾತು ಕಟ್ಟಿ ಅತ್ತಿಂದಿತ್ತ ಸಾಗಿಸಿದಳು.

ಸಮ್ಮೇಳನದ ಬೆಳಿಗ್ಗೆ ಅದರ ಫಲ ಕಂಡಿತು. ಇಷ್ಟೆಲ್ಲ ತಗ್ಗಿದ ಹುಡುಗನಿಗೆ ತಾನೂ ತಗ್ಗಬೇಡವೇ ಎಂದುಕೊಂಡ ಗಂಡ, ಯಾರಿಗೂ ಹೇಳದೆ ತನ್ನ ಕಡೆಯವರನ್ನೂ ಪಕ್ಷದ ಮೇಲಿನ ಘಟಕದಿಂದ ಬಂದಿದ್ದ ಹಿರಿಯ ನಾಯಕರೊಬ್ಬರನ್ನೂ ಕರೆದುಕೊಂಡು ಮೈದಾನಕ್ಕೆ ಹೋದ. ಭಾವನ ಮುಖ ಅರಳುವುದನ್ನು ನೋಡಬೇಕೆಂದು ತಮ್ಮ ತನ್ನವರನ್ನೆಲ್ಲ ಸಭಾಭವನಕ್ಕೆ ಒಯ್ದ. ಎರಡೂ ಕಡೆ ಖಾಲಿ ಕುರ್ಚಿಗಳು ಸ್ವಾಗತಿಸಿದವು. ಮೋಸವಾಯಿತೆಂದು ಕಿಡಿಕಿಡಿಯಾಗಿ ಇವರು ಅಲ್ಲಿಗೆ, ಅವರು ಇಲ್ಲಿಗೆ ಹೊರಟರು. ಬಾವುಟ ಹಿಡಿದ ಎರಡು ಗುಂಪುಗಳೂ ಪೇಟೆಬೀದಿಯಲ್ಲಿ, ಟೈಲರಕ್ಕನ ಅಂಗಡಿಯ ಮುಂದೆ, ಎದುರುಬದುರಾದವು.

"ಏನಯ್ಯಾ, ನನ್ನನ್ನ ಬಯಲಿಗೆ ಬಿಟ್ಟು ನೀನು ಒಳಗೆ ಹೋಗಿ ಕೂತ್ಯಾ?" ಎಂದ ಗಂಡ.

"ನಿಮಗೋಸ್ಕರ ಅಲ್ವಾ ಭಾವ ನಾನು ಅಲ್ಲಿಗೆ ಹೋಗಿದ್ದು! ಅಂಗಿ ವಿಷಯಕ್ಕೆ ನೀವು ಅಷ್ಟು ನೊಂದ್ಕೊಂಡಿದ್ದೀರಿ ಅಂತ..."

"ನೊಂದ್ಕೊಂಡಿದ್ನಾ? ನಾನು?"

ಇಬ್ಬರೂ ಒಟ್ಟಿಗೆ ಅಂಗಡಿಯ ಕಡೆ ತಿರುಗಿದರು. ಟೈಲರಕ್ಕ ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಹೊರಗೆ ಬಂದಳು. ಬೀದಿಯ ಕಣ್ಣೆಲ್ಲ ಅವಳ ಮೇಲಿತ್ತು.

"ಹೌದು, ನಾನೇ ಹುಟ್ಟಿಸಿ ಹೇಳಿದ್ದು," ಎಂದಳು. "ನೀವು ನಿಜವಾಗಿ ಅಂದಿದ್ದನ್ನ ಇಲ್ಲೇ ಹೇಳ್ಬಿಡ್ಲಾ? ಎಲ್ಲರೂ ಕೇಳ್ತಾರೆ."

ಬೇಡವೆಂದು ಇಬ್ಬರೂ ತಲೆಯಾಡಿಸಿದರು. ಪಕ್ಷದಲ್ಲಿ ಅಷ್ಟು ಬೇಗ ಒಮ್ಮತ ಮೂಡಿದ್ದು ಅದೇ ಮೊದಲು.

"ಹಾಗಾದ್ರೆ ಇವತ್ತಿಂದ ನಿಮ್ಮ ಮಾತು ನೀವೇ ಆಡ್ಕೊಳ್ಳಿ. ನಂಗೆ ಸಾಕಾಯ್ತು."

ಅಷ್ಟರಲ್ಲಿ ಹಿರಿಯ ನಾಯಕರು ಮಂಡಿ ಹಿಡಿದುಕೊಂಡು ಬಂದು ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತರು. "ಎಲ್ಲಿ ಬೇಕಾದ್ರೂ ಮಾಡ್ರಪ್ಪಾ. ನಾನಂತೂ ಇಲ್ಲಿಂದ ಏಳಲ್ಲ" ಎಂದರು.

ಹೀಗಾಗಿ ಸಮ್ಮೇಳನ ಪೇಟೆಬೀದಿಯಲ್ಲೇ ನಡೆಯಿತು. ಔಷಧಿ ಅಂಗಡಿಯವನು ತಂತಿ ಎಳೆದು ಮೈಕಿಗೆ ಕರೆಂಟು ಕೊಟ್ಟ. ಎರಡು ಬಸ್ಸು, ಒಂದು ಲಾರಿ ಮುಂದೆ ಹೋಗಲಾರದೆ ನಿಂತವು. ಅವುಗಳೊಳಗಿದ್ದವರನ್ನೂ ಲೆಕ್ಕಕ್ಕೆ ಹಿಡಿದರೆ ಪಕ್ಷದ ಯಾವ ಸಭೆಗೂ ಅಷ್ಟು ಜನ ಸೇರಿರಲಿಲ್ಲ. ಒಗ್ಗಟ್ಟಿನ ನಿರ್ಣಯ ಅಂಗೀಕಾರವಾಯಿತು, ಅದನ್ನು ಮಂಡಿಸಬೇಕಾದವರು ಯಾರೆಂಬ ಸಣ್ಣ ಕಿತ್ತಾಟದ ನಂತರ. ಮಾರನೆಯ ದಿನ ಪತ್ರಿಕೆಯೊಂದು, ಎರಡು ದಿಕ್ಕಿನಿಂದ ಬಂದ ಮೆರವಣಿಗೆಗಳ ಸಂಗಮ ಮನೋಹರವಾಗಿತ್ತು ಎಂದು ಬರೆಯಿತು.

ಸಮ್ಮೇಳನ ಮುಗಿದ ಸಂಜೆಯೇ ತಮ್ಮ ಅಕ್ಕನ ಮನೆಗೆ ಬಂದಿದ್ದ. ನಡುಮನೆಯಲ್ಲಿ ಭಾವ ಭಾವಮೈದ ಮುಖಕ್ಕೆ ಮುಖ ಕೊಟ್ಟು ಕೂತು, ಬಸ್ಸು ನಿಂತದ್ದು ತನ್ನ ಜಾಣತನದಿಂದ ಎಂದು ಇಬ್ಬರೂ ಗಂಟಲು ಹರಿಯುವಂತೆ ವಾದಿಸಿದರು. ಟೈಲರಕ್ಕ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಳು. ಯಾರ ಮಾತನ್ನೂ ಎಲ್ಲಿಗೂ ಒಯ್ಯಬೇಕಾಗಿಲ್ಲವೆಂದು ಅವಳಿಗೆ ಹಗುರವೆನಿಸಿತು. ಚಂದದ ಮಾತು ಕಟ್ಟುವ ಕೆಲಸ ತಪ್ಪಿತಲ್ಲ ಎಂದು ಚೂರು ಬೇಜಾರೂ ಆಯಿತು.

ಕೆಲವು ವಾರಗಳ ಬಳಿಕ ಮಹಿಳಾ ಘಟಕದ ಅಧ್ಯಕ್ಷೆಯಾಗೆಂದು ಇಬ್ಬರೂ ಅವಳನ್ನು ಕೇಳಿದರು. "ಶಾಲೆ ಶುರುವಾಗ್ತಿದೆ, ಯೂನಿಫಾರ್ಮ್ ರಾಶಿ ಬಿದ್ದಿದೆ, ಹೋಗ್ರಿ ಸುಮ್ನೆ" ಎಂದು ಅವಳು ನಕ್ಕುಬಿಟ್ಟಳು. ಅವಳ ಹೆಸರನ್ನು ಮೊದಲು ಸೂಚಿಸಿದ್ದು ಯಾರು ಎಂಬ ಬಗ್ಗೆ ಪಕ್ಷದಲ್ಲಿ ಈಗಲೂ ಎರಡು ಅಭಿಪ್ರಾಯಗಳಿವೆ.