ಉಜ್ಜಿ ತೊಳೆದ ಕಲ್ಲು

ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಆಕೆ ಐದನೆಯ ಕಲ್ಲನ್ನು ತಂತಿಬ್ರಷ್ಷಿನಿಂದ ಉಜ್ಜಲು ಶುರು ಮಾಡಿದರು. ಬೆಟ್ಟದ ಮೇಲಿನ ಆ ಬೋಳು ಹುಲ್ಲುಬಯಲಿನಲ್ಲಿ ಒಟ್ಟು ಒಂಬತ್ತು ಕಲ್ಲುಗಳು ನೆಟ್ಟಗೆ ನಿಂತಿವೆ. ಬರವಣಿಗೆ ಹುಟ್ಟುವ ಮೊದಲೇ ಯಾರೋ ನೆಟ್ಟು ಹೋದವು. ಯಾಕೆ ನೆಟ್ಟರೆಂದು ಗೊತ್ತಿಲ್ಲ. ಅವುಗಳ ಕಾವಲಿಗೆಂದು ಆಕೆ ಬಂದು ಆಗ ಮೂರು ತಿಂಗಳಾಗಿತ್ತು.

ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಆಸ್ಪತ್ರೆಯ ವಾರ್ಡುಗಳನ್ನು ತೊಳೆದ ಕೈ ಅದು. ಗಂಡ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಆ ನೆಲ ಒರೆಸಲು ಮನಸ್ಸು ಬರಲಿಲ್ಲ. ತಂಗಿ ಬೇಡವೆಂದರೂ ಬೆಟ್ಟ ಹತ್ತಿಬಿಟ್ಟರು. ತಗಡಿನ ಮಾಡಿನ ಒಂದೇ ಕೋಣೆ: ಮಂಚ, ಸ್ಟೌ, ಕಲ್ಲುಗಳತ್ತ ತೆರೆಯುವ ಒಂದು ಕಿಟಕಿ. ಹೇಳದೆ ಕೇಳದೆ ಬರುವ ನೆಂಟನೆಂದರೆ ಗಾಳಿ. ಅಪರೂಪಕ್ಕೆ ನೋಡಲು ಬಂದವರು ಫೋಟೊ ತೆಗೆದು, ಚಳಿ ಎಂದು ಇಳಿದುಬಿಡುತ್ತಿದ್ದರು.

ತಂಗಿ ಭಾನುವಾರ ಫೋನ್ ಮಾಡುತ್ತಿದ್ದಳು.

"ಅಕ್ಕ, ಆ ಕಲ್ಲುಗಳ ಜೊತೆ ಇದ್ದೂ ಇದ್ದೂ ನೀನೂ ಕಲ್ಲಾಗ್ತೀಯ."

"ಕಲ್ಲು ಎದುರುತ್ತರ ಕೊಡಲ್ಲ ಕಣೇ. ನಿನಗಿಂತ ವಾಸಿ."

ಫೋನಿಟ್ಟ ಮೇಲೆ, ಎಷ್ಟೋ ವಾರ, ಮುಂದಿನ ಭಾನುವಾರದವರೆಗೆ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಕಲ್ಲು ಉಜ್ಜಿದ ಆ ದಿನ ಪುರಾತತ್ವ ಇಲಾಖೆಯ ಅಧಿಕಾರಿ ಮೊದಲ ಸಲ ತಪಾಸಣೆಗೆ ಬರುವವರಿದ್ದರು. ಇಲ್ಲೊಬ್ಬಳು ಇದ್ದಾಳೆ, ದುಡಿಯುತ್ತಿದ್ದಾಳೆ ಎನ್ನುವುದು ಅವರ ಕಣ್ಣಿಗೆ ಬೀಳಬೇಕಿತ್ತು. ಮೊದಲು ಕೈಹಾಕಿದ್ದು ಐದನೆಯದಕ್ಕೆ; ಅದು ಕೋಣೆಯ ಬಾಗಿಲಿಗೆ ಹತ್ತಿರದ ಕಲ್ಲು. ಮೈತುಂಬ ಬೂದು, ಕಿತ್ತಳೆ ಬಣ್ಣದ ಹಕ್ಕಳೆ. ಮಧ್ಯಾಹ್ನದ ಹೊತ್ತಿಗೆ ಎದೆಮಟ್ಟದವರೆಗೂ ಥಳಥಳ ಎನ್ನುತ್ತಿತ್ತು.

ಅಧಿಕಾರಿ ಬಂದವರೇ ಅದರ ಮೇಲೆ ಬೆರಳಾಡಿಸಿದರು.

"ಇದು ಯಾರ ಕೆಲಸಮ್ಮ?"

"ನಂದೇ ಸಾರ್. ಸೋಪು ಹಾಕಿಲ್ಲ, ಬರೀ ನೀರು." ಆಕೆ ಭೇಷ್ ಎನ್ನುವ ಮಾತಿಗೆ ಕಾದರು.

"ಅದು ಕೊಳೆ ಅಲ್ಲ, ಕಲ್ಲುಹೂವು. ಜೀವ ಇರೋದು. ಒಂದೊಂದಕ್ಕೂ ನೂರಾರು ವರ್ಷ ವಯಸ್ಸು."

ಆಕೆ ಬ್ರಷ್ಷನ್ನು ಬೆನ್ನ ಹಿಂದೆ ಸರಿಸಿದರು. "ಮತ್ತೆ ಬರುತ್ತಾ?"

"ಬರುತ್ತೆ. ನೋಡೋಕೆ ನಾವು ಇರ್ತೀವೋ ಇಲ್ವೋ."

ಕೆಲಸ ಹೋಗಲಿಲ್ಲ. ಬೇಕಾದರೆ ಕೆಳಗಿನ ಕಚೇರಿಗೆ ವರ್ಗ ಕೊಡಿಸುತ್ತೇನೆ, ಅಲ್ಲಾದರೆ ಮಾತಿಗೆ ಜನ ಇರುತ್ತಾರೆ ಎಂದೂ ಅಧಿಕಾರಿ ಹೇಳಿದರು. ಆಕೆ ಒಪ್ಪಲಿಲ್ಲ. ತಾನು ಕಿತ್ತದ್ದು ಮತ್ತೆ ಬರುವುದನ್ನು ನೋಡದೆ ಬೆಟ್ಟ ಇಳಿಯಬಾರದೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದರು. ನಿವೃತ್ತಿಗೆ ಇಪ್ಪತ್ತು ವರ್ಷವಿತ್ತು.

ದಿನಾ ನೋಡಿದರು. ವರ್ಷಗಟ್ಟಲೆ ಬರೀ ಕಲ್ಲು. ತಂಗಿಯ ಮಗಳ ಮದುವೆಗೆ ಹೋದವರು ಮಾರನೆಯ ದಿನವೇ ಚೀಲ ಹಿಡಿದು ಹೊರಟರು.

"ಎಳೆಕೂಸು ಬಿಟ್ಟು ಬಂದವಳ ಹಾಗೆ ಆಡ್ತೀಯಲ್ಲ" ಎಂದಳು ತಂಗಿ.

"ಇನ್ನೂ ಹುಟ್ಟಿಲ್ಲ ಕಣೇ."

ಹನ್ನೆರಡನೆಯ ವರ್ಷ, ಕಲ್ಲಿನ ಉತ್ತರ ಮಗ್ಗುಲಲ್ಲಿ ಸಾಸಿವೆಗಿಂತ ಸಣ್ಣದೊಂದು ಬೂದು ಚುಕ್ಕೆ ಕಂಡಿತು. ಆಕೆ ಬೆರಳು ಚಾಚಿ, ಮುಟ್ಟದೆ ಹಿಂತೆಗೆದರು. ಹೇಳಿಕೊಳ್ಳೋಣವೆಂದರೆ ಅಂದು ಸೋಮವಾರ; ತಂಗಿಯ ಫೋನಿಗೆ ಇನ್ನೂ ಆರು ದಿನ. ಪೇಟೆಗೆ ಇಳಿದಾಗ ಪ್ಲಾಸ್ಟಿಕ್ ಸ್ಕೇಲೊಂದನ್ನು ತಂದು, ವರ್ಷಕ್ಕೊಮ್ಮೆ ಚುಕ್ಕೆಯ ಪಕ್ಕ ಹಿಡಿದು ಅಳೆಯತೊಡಗಿದರು. ಕೆಲವು ವರ್ಷ ಅದು ಅರ್ಧ ಗೆರೆಯಷ್ಟೂ ಹಿಗ್ಗುತ್ತಿರಲಿಲ್ಲ.

ನಿವೃತ್ತಿಯ ದಿನ ಕೆಳಗಿನ ಕಚೇರಿಯಲ್ಲಿ ಚಹಾ, ಆರು ಕುರ್ಚಿ. ಹೊಸದಾಗಿ ಬಂದ ಅಧಿಕಾರಿ ಆಕೆಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕಿತ್ತು. ಆದರೆ ಆಕೆಯನ್ನು ಅವರು ಕಂಡದ್ದೇ ಅಂದು. ಮಾತು ಸಿಗದೆ, ಪ್ರೀತಿಯಿಂದಲೇ ಕೇಳಿದರು: "ಅಮ್ಮಾ, ಇಷ್ಟು ವರ್ಷ ಅಲ್ಲಿ ಒಬ್ಬರೇ ಇದ್ದು ಏನು ಮಾಡಿದ್ರಿ?"

ಆಕೆ ಲೋಟ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನಾಲ್ಕು ಮಿಲಿಮೀಟರ್."