ಬೈಂಡು ಹಾಕಿದ ಕೊಲೆಗಳು

“ಅವ್ವಾ, ಲಿಂಗಯ್ಯ ಮಾವ ಇದುವರ್ಗೂ ಎಷ್ಟು ಜನನ್ನ ಸಾಯ್ಸವ್ರೆ?” ಎಂದು ಮಗಳು ಕೂಗಿ ಕೇಳಿದಾಗ ಪಕ್ಕದ ಮನೆಯ ಪತ್ತೇದಾರಿ ಕಾದಂಬರಿಕಾರ ಹೊಸ್ತಿಲಲ್ಲೇ ನಿಂತಿದ್ದ; ತಾಯಿ ಸರ್ವಮಂಗಳೆಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. “ನಲವತ್ತೊಂದು ಕಣಮ್ಮಿ, ಈ ತಿಂಗಳದ್ದು ಬುಟ್ಟು” ಎಂದ ಲಿಂಗಯ್ಯ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಬುಗುರಿಗೆ ಅರಗಿನ ಬಣ್ಣ ಹಚ್ಚುವ ಈ ಮನುಷ್ಯ ಇರುವೆಯನ್ನೂ ದಾಟಿಕೊಂಡು ನಡೆಯುತ್ತಾನೆ. ಬರೆಯಲು ಕೂತರೆ ಮಾತ್ರ ಮೊದಲ ಪುಟದಲ್ಲೇ ಹೆಣ ಬೀಳಬೇಕು. ಅವನೊಡನೆ ಜಗಳವಾಡಿದವರು ಮುಂದಿನ ಕಾದಂಬರಿಯಲ್ಲಿ ಸಾಯುವುದು ಖಚಿತ. ಸತ್ತವರೇ ಬಂದು ಒಂದು ಪ್ರತಿ ಕೇಳುತ್ತಾರೆ. “ಕೊಲೆಗಡುಕ ಬಂದ ಕಣ್ರೇ” ಎಂದು ಬೀದಿ ನಲ್ಲಿಯ ಹತ್ತಿರ ಎಲ್ಲರನ್ನೂ ನಗಿಸುವ ಸರ್ವಮಂಗಳೆಯೇ ಅವನ ಪುಸ್ತಕಗಳನ್ನು ರಾಗಿ ಡಬ್ಬದ ಹಿಂದೆ ಬಚ್ಚಿಟ್ಟುಕೊಂಡು ಓದುತ್ತಾಳೆ. ಅವನ ತಾಯಿ ಸಿದ್ದಮ್ಮನಿಗೆ ಓದು ಬಾರದು; ಪಿಸ್ತೂಲಿನ ಮುಖಪುಟ ಕಾಣದಂತೆ ಮಗ ಕಂದು ಕಾಗದದ ಬೈಂಡು ಹಾಕಿ ಕೊಟ್ಟದ್ದನ್ನೆಲ್ಲ ದೇವರ ಕಥೆಯೆಂದೇ ನಂಬಿ, ಕುಂಕುಮವಿಟ್ಟು ದೇವರ ಗೂಡಿನಲ್ಲಿ ಜೋಡಿಸಿದ್ದಾಳೆ. ಇವತ್ತು ಲಿಂಗಯ್ಯ ತಲೆಯೆತ್ತದೆ ಸರ್ವಮಂಗಳೆಗೆ ಹೇಳಿದ: “ಅವ್ವ ಒಂದು ಪುಸ್ತಕ ನಿನ್ ಕೈಲಿ ಓದ್ಸ್ಕೊಬೇಕು ಅಂತ ಬತ್ತಾವ್ಳೆ ಕಣ್ ತಾಯಿ. ಎಲ್ಲೆಲ್ಲಿ ಹೆಣ ಬೀಳ್ತವೆ ಅಂತ ನಿಂಗೆ ಗೊತ್ತಲ್ಲ, ಅಲ್ಲಿ ಒಸಿ ಸಿವಪಾರ್ವತೀರ ಕರ್ಕೊಂಡ್ ಬಂದ್ಬುಡು.”