ಎಣ್ಣೆಯಿಲ್ಲದ ಆಲೂಗಡ್ಡೆ

ಗುಬ್ಬಿಯಲ್ಲಿ ಬಸ್ ಇಳಿಯುವಾಗ ಕಾಲು ನನ್ನ ಮಾತು ಕೇಳಲಿಲ್ಲ. ಮೆಟ್ಟಿಲು ಕಾಣುತ್ತಿತ್ತು, ಪಾದ ಎತ್ತಲಾಗುತ್ತಿರಲಿಲ್ಲ. ಹಿಂದಿದ್ದವರು, "ಬೇಗ ಇಳೀರಮ್ಮ" ಎಂದರು. ಕಂಬಿ ಹಿಡಿದು ಹೇಗೋ ಇಳಿದೆ. ಶಾಲೆಗೆ ಹೋದೆ. ಅವತ್ತು ಕುರ್ಚಿಯಲ್ಲಿ ಕೂತೇ ಪಾಠ ಮಾಡಿದೆ.

ನನ್ನ ಕಿಡ್ನಿ ಸೋಲುತ್ತಿದೆ ಎಂದು ಗೊತ್ತಾಗಿ ಆಗಲೇ ಕೆಲವು ತಿಂಗಳಾಗಿತ್ತು. ಸದ್ಯಕ್ಕೆ ಡಯಾಲಿಸಿಸ್ ಬೇಡ, ಪಥ್ಯ ಸಾಕು ಎಂದಿದ್ದರು ತುಮಕೂರಿನ ಡಾಕ್ಟರು. ಉಪ್ಪು ಕಡಿಮೆ ಮಾಡಬೇಕು. ಬಾಳೆಹಣ್ಣು, ಎಳನೀರು ಮುಟ್ಟಬಾರದು. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ರಕ್ತದಲ್ಲಿ ಏರಿದರೆ ಕೈಕಾಲು ಸೋಲುತ್ತವೆ, ಹೃದಯಕ್ಕೂ ಅಪಾಯ. ನಾನು ಕಡಬದ ತೆಂಗಿನ ತೋಟದಲ್ಲಿ ಬೆಳೆದವಳು. ಎಳನೀರು ಬಿಡುವುದು ಸುಲಭವಾಗಿರಲಿಲ್ಲ. ಆದರೂ ಬಿಟ್ಟೆ.

ಅಡುಗೆಗೆಂದು ಕುಣಿಗಲ್‌ನಿಂದ ನಾದಿನಿ ಗಿರಿಜ ಬಂದಳು. ಬರುವಾಗ ತನ್ನ ಪುಟ್ಟ ಓವನ್ನನ್ನೂ ತಂದಳು. "ಎಣ್ಣೇಲಿ ಕರಿದಿದ್ದೆಲ್ಲ ವಿಷ ಕಣತ್ತಿಗೆ" ಎನ್ನುತ್ತ, ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಉದ್ದುದ್ದ ಹೋಳು ಮಾಡಿ, ಮೆಣಸಿನಪುಡಿ ಸವರಿ ಬೇಕ್ ಮಾಡುತ್ತಿದ್ದಳು. ವೆಡ್ಜಸ್ ಅಂತ ಅದರ ಹೆಸರು. ಸಿಪ್ಪೆಯಲ್ಲಿ ನಾರಿದೆ, ವಿಟಮಿನ್ ಸಿ ಇದೆ, ಕೊಬ್ಬು ಇಲ್ಲವೇ ಇಲ್ಲ ಎಂದು ಮೊಬೈಲ್ ತೋರಿಸಿ ಓದುತ್ತಿದ್ದಳು. ಮೇಲೆ ಉದುರಿಸಲು 'ಲೋ ಸೋಡಿಯಂ' ಉಪ್ಪಿನ ಪ್ಯಾಕೆಟ್ಟನ್ನೂ ತರಿಸಿದ್ದಳು. ಸಪ್ಪೆ ಊಟದ ಆ ದಿನಗಳಲ್ಲಿ ಸಂಜೆ ಸ್ಕೂಲಿಂದ ಬಂದವಳಿಗೆ ಆ ತಟ್ಟೆಯೊಂದೇ ಹಬ್ಬ. ಅಂಚು ಗರಿಗರಿ, ಒಳಗೆ ಬೆಣ್ಣೆಯಂತೆ ಮೆತ್ತಗೆ.

ಬಸ್ಸಿನಲ್ಲಿ ಕಾಲು ಸೋತ ವಾರವೇ ರಕ್ತ ಪರೀಕ್ಷೆಯಾಯಿತು. ಪೊಟ್ಯಾಸಿಯಂ ಏರಿತ್ತು.

"ಎಳನೀರು ಕುಡೀತಿದೀರಾ?" ಡಾಕ್ಟರು ಕೇಳಿದರು.

"ಇಲ್ಲ ಸಾರ್."

"ಬಾಳೆಹಣ್ಣು?"

"ಇಲ್ಲ."

ಅವರು ನನ್ನನ್ನು ಬಿಟ್ಟು ನಮ್ಮ ಯಜಮಾನರ ಮುಖ ನೋಡಿದರು. ಇವರು ತಲೆ ತಗ್ಗಿಸಿದರು. ಮಾತ್ರೆ ಬದಲಾಯಿತು. ಮುಂದಿನ ಸಲ ಪೊಟ್ಯಾಸಿಯಂ ಇನ್ನೂ ಏರಿತ್ತು.

ಅಲ್ಲಿಂದ ಮನೆಯ ಗಾಳಿಯೇ ಬೇರೆಯಾಯಿತು. ಇವರು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸದವರು. ತಪ್ಪು ಹುಡುಕುವುದು ಕೈಗೆ ಕೂತ ವಿದ್ಯೆ. ನಾನು ಬ್ಯಾಗ್ ಇಟ್ಟು ಒಳಗೆ ಹೋದರೆ ಜಿಪ್ಪಿನ ಸದ್ದು ಕೇಳುತ್ತಿತ್ತು. ಊರಿಂದ ಅಮ್ಮ ಕಳಿಸಿದ ಎಳನೀರು ಬಂದ ಹಾಗೇ ಪಕ್ಕದ ಮನೆ ಸೇರಿತು. ನಾನೂ ಸುಮ್ಮನಿರಲಿಲ್ಲ. ಲ್ಯಾಬಿನವರು ರಕ್ತ ಅದಲು ಬದಲು ಮಾಡಿದರೇನೋ ಎನ್ನಿಸಿತು. ಹೊಸ ಮಾತ್ರೆಯ ಮೇಲೆ ಅನುಮಾನ, ಡಾಕ್ಟರ ಮೇಲೆ ಅನುಮಾನ. ಒಂದು ದಿನ ಗಿರಿಜ ಸಾರಿಗೆ ಏನು ಹಾಕುತ್ತಾಳೆಂದು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕಾಯಿಲೆ ಮನುಷ್ಯನನ್ನು ಎಷ್ಟು ಸಣ್ಣತನಕ್ಕೆ ಇಳಿಸುತ್ತದೆ! ಪ್ರೀತಿಯಿಂದ ಬಡಿಸಿದ ಕೈಯನ್ನೂ ಪೊಲೀಸರ ಕಣ್ಣಲ್ಲಿ ನೋಡುವ ಹಾಗಾಗುತ್ತದೆ.

ಆಮೇಲೊಂದು ದಿನ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ನನ್ನನ್ನು ಮೂಲೆಗೆ ಕರೆದರು. "ತಪ್ಪು ತಿಳ್ಕೋಬೇಡಿ ಮಿಸ್. ನಿಮ್ಮೆಜಮಾನ್ರು ಫೋನ್ ಮಾಡಿದ್ರು. ಗುಬ್ಬೀಲಿ ನೀವು ಎಳನೀರು ಕುಡೀತೀರಾ ಅಂತ ಕೇಳಿದ್ರು."

ನನ್ನ ಗಂಡ ನನ್ನ ಮೇಲೆ ಕಾವಲು ಹಾಕಿದ್ದರು.

ಸಂಜೆ ಮನೆಗೆ ಬಂದು ಕೇಳಿಯೇಬಿಟ್ಟೆ. "ನನ್ನೇ ಕೇಳಕ್ಕೇನಾಗಿತ್ರೀ?"

"ಕೇಳುದ್ರೆ ನಿಜ ಹೇಳ್ತಿದ್ಯಾ?" ಎಂದರು. ಆ ಧ್ವನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಅದು ನನಗೆ ಅವತ್ತು ಕೇಳಿಸಲಿಲ್ಲ. ಎದ್ದು ಹೋಗಲು ನೋಡಿದೆ. ಏಳಲಾಗಲಿಲ್ಲ. ಎದೆಯೊಳಗೆ ಏನೋ ತಪ್ಪಿ ತಪ್ಪಿ ಬಡಿಯುತ್ತಿತ್ತು.

ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ನರ್ಸ್ ಓಡಿದರು. ಇಂಜೆಕ್ಷನ್, ಡ್ರಿಪ್, ಮೂಗಿಗೆ ಮಾಸ್ಕ್. ಸ್ವಲ್ಪ ತಡವಾಗಿದ್ದರೂ ಹೃದಯ ನಿಲ್ಲುತ್ತಿತ್ತು ಎಂದು ಡಾಕ್ಟರು ಆಮೇಲೆ ಇವರಿಗೆ ಹೇಳಿದರಂತೆ.

ಐಸಿಯುವಿನಿಂದ ವಾರ್ಡಿಗೆ ಬಂದ ಮೇಲೆ ಡಯಟಿಷಿಯನ್ ಬಂದು ಕೂತರು. ಅದುವರೆಗೆ ಎಲ್ಲರೂ ಮುಟ್ಟಬಾರದ್ದನ್ನು ಮುಟ್ಟಿದೆಯಾ ಎಂದೇ ಕೇಳಿದ್ದರು. ಅವರು ಏನು ತಿಂದಿರಿ ಎಂದು ಕೇಳಿದರು. ಗಿರಿಜ ಹುಮ್ಮಸ್ಸಿನಿಂದ ಬೆಳಗಿನಿಂದ ಶುರು ಮಾಡಿ ಸಂಜೆಯ ವೆಡ್ಜಸ್ಸಿಗೆ ಬಂದಳು. "ಎಣ್ಣೆ ಒಂದ್ ತೊಟ್ಟೂ ಹಾಕಲ್ಲ ಮೇಡಂ. ಸಿಪ್ಪೇನೂ ತೆಗೆಯಲ್ಲ."

"ದಿನಾನಾ?"

"ದಿನಾ. ಉಪ್ಪೂ ಅಷ್ಟೆ, ಲೋ ಸೋಡಿಯಂದು."

ಡಯಟಿಷಿಯನ್ ಪೆನ್ನು ಕೆಳಗಿಟ್ಟರು. ಆಲೂಗಡ್ಡೆಯಲ್ಲಿ ಪೊಟ್ಯಾಸಿಯಂ ತುಂಬ ಇದೆಯಂತೆ. ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಒಂದಷ್ಟು ಹೋಗುತ್ತದೆ. ಬೇಕ್ ಮಾಡಿದರೆ ಎಲ್ಲ ಅಲ್ಲೇ ಉಳಿಯುತ್ತದೆ. ಆ ಉಪ್ಪಿನಲ್ಲಂತೂ ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಮ್ಮನ್ನೇ ಸೇರಿಸಿರುತ್ತಾರೆ. "ಕಿಡ್ನಿ ಚೆನ್ನಾಗಿರೋರಿಗೆ ಇದು ಒಳ್ಳೇ ತಿಂಡೀನೇ" ಎಂದರು. "ಇವರಿಗಲ್ಲ."

ಗಿರಿಜ ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ ಕೈಯಾರೆ ಮಾಡ್ಬುಟ್ನಲ್ಲತ್ತಿಗೆ."

"ನಂಗೋಸ್ಕರ ಮಾಡಿದ್ದು ಕಣೇ. ಅಳ್ಬೇಡ" ಎಂದೆ. ಹೇಳಿದ್ದು ನಿಜವೇ. ಆದರೆ ಕೈ ಚಾಚಿ ಅವಳನ್ನು ಮುಟ್ಟಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಇವರು ಕಿಟಕಿಯ ಹತ್ತಿರ ನಿಂತೇ ಇದ್ದರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿಲ್ಲ. ನಾನೂ ಕಾಯಲಿಲ್ಲ.

ಈಗ ಪೊಟ್ಯಾಸಿಯಂ ಇಳಿದಿದೆ. ಕಿಡ್ನಿ ಮೊದಲಿನಂತಾಗುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕು, ಅಷ್ಟೆ. ಯಾವ ಪ್ಯಾಕೆಟ್ಟಿನ ಮೇಲಾದರೂ 'ಆರೋಗ್ಯಕರ' ಎಂದು ಬರೆದಿದ್ದರೆ, ಯಾರಿಗೆ ಎಂದು ಈಗಲೂ ಮನಸ್ಸು ಕೇಳುತ್ತದೆ. ಆ ಅನುಮಾನವೊಂದು ನನ್ನ ಜೊತೆ ಇರಲಿ.

ಕಳೆದ ಸಲ ಲ್ಯಾಬಿನ ಕೌಂಟರಿನಲ್ಲಿದ್ದವರು ರಿಪೋರ್ಟನ್ನು ಎಂದಿನಂತೆ ಇವರತ್ತ ಚಾಚಿದರು. ಇವರು ಕೈ ಹಿಂದಕ್ಕೆ ಎಳೆದುಕೊಂಡರು.

"ಅವ್ಳಿಗೇ ಕೊಡಿ" ಎಂದರು. "ಅವ್ಳು ನೋಡಿ ಹೇಳ್ತಾಳೆ."